ದೊಡ್ಡಪ್ಪನನ್ನು ಮಲಗಿಸಿದ ಕನ್ನಪ್ಪ

ಕೆಟ್ಟ ಲ್ಯಾಪ್‌ಟಾಪ್ ಕಂಡರೆ ಕನ್ನಪ್ಪನಿಗೆ ನಗು ಬರುತ್ತಿತ್ತು. ಮುಗುಳ್ನಗೆಯಲ್ಲ, ಹೊಟ್ಟೆ ಕುಣಿಯುವಂಥ ನಗು. ಗಿರಾಕಿ ಅಳುಮುಖ ಹೊತ್ತು ಬಂದು, ಎಲ್ಲ ಇದರೊಳಗೇ ಇತ್ತು ಎಂದು ಬ್ಯಾಗು ಬಿಚ್ಚಿದರೆ, ಇವನು ಪರದೆಯ ಮೇಲೆ ಅಡ್ಡಾದಿಡ್ಡಿ ಎದ್ದ ಗೆರೆಗಳನ್ನು ನೋಡಿ, ಮದುವೆಮನೆಯಲ್ಲಿ ಹಳೆಯ ನೆಂಟ ಸಿಕ್ಕವನ ಹಾಗೆ "ಓಹೋಹೋ, ಬಂದ್ಯಾ ಮಾರಾಯಾ!" ಎನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಗಿರಾಕಿಯೂ ನಗಲು ಶುರುಮಾಡುತ್ತಿದ್ದ. ನಾನು ಶಿರಸಿಯಲ್ಲಿ ಇದೇ ಕೆಲಸವನ್ನು ಅವನಿಗಿಂತ ಮೊದಲಿನಿಂದ, ಅವನಿಗಿಂತ ಚೊಕ್ಕವಾಗಿ, ಗಂಭೀರ ಮುಖದಿಂದ ಮಾಡಿಕೊಂಡು ಬಂದವನು. ನನ್ನ ಅಂಗಡಿಯಲ್ಲಿ ಯಾರೂ ನಕ್ಕದ್ದು ನನಗೆ ನೆನಪಿಲ್ಲ.

ಹೊಟ್ಟೆಕಿಚ್ಚೇ ಎಂದು ಕೇಳಿದರೆ, ಹೌದು, ಹೊಟ್ಟೆಕಿಚ್ಚೇ. ಅದನ್ನು ಬೇರೆ ಚಂದದ ಹೆಸರಿಟ್ಟು ಕರೆಯುವ ಉದ್ದೇಶ ನನಗಿಲ್ಲ. ನನ್ನ ಅಂಗಡಿ ಇರುವುದು ಬಸ್‌ಸ್ಟ್ಯಾಂಡಿನ ಎದುರಿಗೆ. ಯಲ್ಲಾಪುರದಿಂದ ಸಿದ್ದಾಪುರಕ್ಕೆ ಹೋಗುವವರು ಶಿರಸಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಯಲ್ಲಾಪುರದ ಬಸ್ಸಿನಿಂದ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡವರು ಇಳಿಯುತ್ತಿದ್ದರು. ನನ್ನ ಬೋರ್ಡನ್ನು ಒಮ್ಮೆ ನೋಡುತ್ತಿದ್ದರು. ಆಮೇಲೆ ಸಿದ್ದಾಪುರದ ಬಸ್ಸು ಹತ್ತುತ್ತಿದ್ದರು. ಕೆಲವರಂತೂ ಬಸ್ಸು ತಡವಾದರೆ ನನ್ನ ಅಂಗಡಿಯ ಬಾಗಿಲಿಗೇ ಬಂದು "ಸಿದ್ದಾಪುರದ ಬಸ್ಸು ಹೋತಾ?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಹೇಳದೆ ಏನು ಮಾಡಲಿ?

ಕನ್ನಪ್ಪ ಸಿದ್ದಾಪುರ ತಾಲೂಕಿನ ಮನ್ಮನೆಯವನು. ಊರಿನಲ್ಲಿ ಅಣ್ಣ ಗದ್ದೆ ನೋಡಿಕೊಳ್ಳುತ್ತಿದ್ದ; ಇವನು ಮೊದಲು ಟೇಪ್‌ರೆಕಾರ್ಡರ್ ರಿಪೇರಿ, ಆಮೇಲೆ ಟೀವಿ, ಆಮೇಲೆ ಇದು ಎಂದು ಏರುತ್ತ ಬಂದಿದ್ದ. ಸಿದ್ದಾಪುರ ಪೇಟೆಯಲ್ಲಿದ್ದ ಅವನ ಅಂಗಡಿಗೆ ತಾಗಿಕೊಂಡೇ ಒಂದು ಹಿಟ್ಟಿನ ಗಿರಣಿ. ಮೇಜು, ಪರದೆ, ಅವನ ಹುಬ್ಬು ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಮೀಸೆಗೆ ಮಾತ್ರ ಕೂರಲು ಬಿಡುತ್ತಿರಲಿಲ್ಲ, ಗಳಿಗೆಗೊಮ್ಮೆ ಒರೆಸಿಕೊಳ್ಳುತ್ತಿದ್ದ. ಕಡುಗಪ್ಪು ಬಣ್ಣ ಹಾಕಿದ ಮೀಸೆ ಅದು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಒಂದು ಟೆಸ್ಟರ್. ಲ್ಯಾಪ್‌ಟಾಪ್ ರಿಪೇರಿಗೆ ಟೆಸ್ಟರ್ ಎಂತಕ್ಕೆ ಎಂದು ಒಮ್ಮೆ ಕೇಳಿದ್ದೆ. "ಡಾಕ್ಟ್ರು ಕೊರಳಿಗೆ ನಳಿಗೆ ಹಾಕ್ಕಂಡು ಪ್ಯಾಟೆ ತಿರಗೂದಿಲ್ವಾ ಹೆಗಡೇರೆ? ಇದೂ ಹಂಗೇಯ" ಎಂದಿದ್ದ.

ಯಂತ್ರಕ್ಕೆ ಕೈ ಹಾಕುವ ಮೊದಲು ಅವನದೊಂದು ಪ್ರಶ್ನೆ ಇರುತ್ತಿತ್ತು. "ಇದು ಎಲ್ಲಿ ಮಲಗ್ತದೆ?" ಹಾಸಿಗೆಯ ಮೇಲೆ ಎಂದು ಯಾರಾದರೂ ಹೇಳಿದರೆ ಮುಗಿಯಿತು. "ಹಾಸ್ಗೆ ಮೇಲೆ ಮಕಾಡೆ ಹಾಕಿದ್ರೆ ಅದು ಉಸ್ರು ಎಲ್ಲಿ ಬಿಡ್ಬೇಕು? ನಿಮ್ಮ ಮೂಗಿಗೆ ದಿಂಬು ಇಟ್ರೆ ನೀವು ಲೆಕ್ಕ ಬರೀತ್ರಾ?" ಎಂದು ಅಂಗಡಿ ತುಂಬ ಜನರ ಎದುರಿಗೆ ಬೈಯುತ್ತಿದ್ದ. ಬೈಸಿಕೊಂಡವರು ಖುಷಿಯಿಂದ ಹಲ್ಲುಬಿಡುತ್ತಿದ್ದರು. ಅದೇ ಮಾತನ್ನು ನಾನು ಹೇಳಿದ್ದರೆ ಮಾರನೆಯ ದಿನ ಅವರು ಇನ್ನೊಂದು ಅಂಗಡಿ ಹುಡುಕುತ್ತಿದ್ದರು. ಬಿಚ್ಚಿದ್ದನ್ನು ಮುಚ್ಚುವಾಗ ಅವನ ಹತ್ತಿರ ಒಂದೋ ಎರಡೋ ಸ್ಕ್ರೂ ಉಳಿದೇ ಉಳಿಯುತ್ತಿತ್ತು. ಅದನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ "ಕಂಪನಿಯವ್ರಿಗೆ ಸ್ಕ್ರೂ ಹೆಚ್ಚಾಗಿದ್ವು, ಪಾಪ" ಎನ್ನುತ್ತಿದ್ದ. ಒಂದು ಸ್ಕ್ರೂ ಕಳೆದರೆ ನೆಲಕ್ಕೆ ಮೊಣಕಾಲೂರಿ ಮಧ್ಯಾಹ್ನದ ಊಟ ತಪ್ಪಿಸಿಕೊಂಡು ಹುಡುಕುವವನು ನಾನು. ಜನ ಮೆಚ್ಚಿದ್ದು ಬಾಟಲಿಯವನನ್ನು.

ನಮ್ಮಿಬ್ಬರ ನಡುವಿನ ನಿಜವಾದ ಜಗಳ ಗ್ರಾಫಿಕ್ಸ್ ಚಿಪ್ಪಿನದು. ಸ್ವಲ್ಪ ಹಳೆಯ, ದುಬಾರಿ ಲ್ಯಾಪ್‌ಟಾಪುಗಳಲ್ಲಿ ಪರದೆಗೆ ಚಿತ್ರ ಕಳಿಸಲು ಎರಡು ಏರ್ಪಾಡು ಇರುತ್ತವೆ. ಒಂದು, ಮುಖ್ಯ ಚಿಪ್ಪಿನ ಒಳಗೇ ಇರುವ ಸಣ್ಣದು. ಇನ್ನೊಂದು, ಪಕ್ಕದಲ್ಲಿ ಬೇರೆಯಾಗಿ ಕೂತ ಬಲಶಾಲಿ. ವರ್ಷಗಟ್ಟಲೆ ಕಾದು ಕಾದು ಈ ಬಲಶಾಲಿಯ ಬುಡದ ಬೆಸುಗೆ ಬಿರಿಯುತ್ತದೆ. ಆಗ ಪರದೆಯಲ್ಲಿ ಗೆರೆ, ನೀಲಿ ಛಾಯೆ, ಕೊನೆಗೆ ಕತ್ತಲೆ. ನಾನು ಬಿಸಿಗಾಳಿ ಬಿಟ್ಟು ಆ ಬೆಸುಗೆಯನ್ನು ಮತ್ತೆ ಕೂರಿಸುತ್ತಿದ್ದೆ. ಯಂತ್ರ ಎದ್ದು ಕೂರುತ್ತಿತ್ತು. ಕೆಲವು ವಾರ ಬಿಟ್ಟು ಮತ್ತೆ ಬರುತ್ತಿತ್ತು, ಮತ್ತೆ ಬಿಸಿ ಮಾಡುತ್ತಿದ್ದೆ.

ಕನ್ನಪ್ಪ ಆ ಚಿಪ್ಪನ್ನು ಮುಟ್ಟುತ್ತಲೇ ಇರಲಿಲ್ಲ. ಅವನ ಬಾಯಲ್ಲಿ ಅದು 'ದೊಡ್ಡಪ್ಪ', ಒಳಗಿನ ಸಣ್ಣದು 'ಚಿಕ್ಕಪ್ಪ'. ಗಿರಾಕಿಗೆ ಹೀಗೆ ಹೇಳುತ್ತಿದ್ದ: "ದೊಡ್ಡಪ್ಪಂಗೆ ಹುಷಾರಿಲ್ಲ. ಆದ್ರೂ ಮನೆಯವ್ರು ಬೆಳಗಾದ್ರೆ ಎಲ್ಲದಕ್ಕೂ ಅವ್ನನ್ನೇ ಕೇಳೂಕೆ ಹೋಗ್ತಾರೆ. ಅವ್ನು ಏಳೂದಿಲ್ಲ, ಮನೆ ಬಾಗ್ಲು ತೆಗೆಯೂದಿಲ್ಲ. ಅವ್ನನ್ನ ಜಗಲಿ ಮೇಲೆ ಮಲಗ್ಸಿ, ಇನ್ನು ಚಿಕ್ಕಪ್ಪನ್ನ ಕೇಳ್ರೋ ಅಂದ್ರೆ ಆತಪ್ಪ." ಯಂತ್ರ ಶುರುವಾಗುವಾಗ ಕೀಲಿಗಳನ್ನು ಒತ್ತಿ ಹಿಡಿದು, ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು, ದೊಡ್ಡ ಚಿಪ್ಪನ್ನು ಕೇಳಬೇಡವೆಂದು ಅದಕ್ಕೆ ತಾಕೀತು ಮಾಡುವುದು, ಆಮೇಲೆ ಆ ಚಿಪ್ಪನ್ನು ನಡೆಸುವ ತಂತ್ರಾಂಶವನ್ನು ಅದರ ಜಾಗದಿಂದ ಎತ್ತಿ ಬೇರೆ ಕಡೆ ಇಡುವುದು. ಇಷ್ಟೇ ಅವನ ಮದ್ದು; ಹೆಚ್ಚೆಂದರೆ ಅಡಿ ಬಿಚ್ಚಿ ಫ್ಯಾನಿನ ದೂಳು ಊದುತ್ತಿದ್ದ. ಅದು ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಆದರೆ ಅದನ್ನು ರಿಪೇರಿ ಎನ್ನಲು ನಾನು ತಯಾರಿರಲಿಲ್ಲ. ಕಾಲು ಮುರಿದು ಬಂದವನಿಗೆ ನಡೆಯಬೇಡ ಎಂದು ಹೇಳಿ ಕಳಿಸುವುದು ವೈದ್ಯವೇ ಎಂದು ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಅವನಿಗೇ ಕೇಳಿದ್ದೆ. "ನಿಮ್ಮ ವೈದ್ಯದಲ್ಲಿ ಅವ್ನು ನಡೀತಾನೆ ಹೆಗಡೇರೆ, ನಿಮ್ಮ ಅಂಗಡಿ ಮೆಟ್ಲು ಇಳಿಯೂ ತನಕ" ಎಂದು ನಕ್ಕ. ಸುತ್ತ ನಿಂತವರೂ ನಕ್ಕರು.

ಇಂಥವನ ಕೈಗೆ ಮತ್ತಿಘಟ್ಟದ ಕಥೆ ಸಿಕ್ಕಿತು. ಮತ್ತಿಘಟ್ಟದ ನನ್ನ ಗಿರಾಕಿಯೊಬ್ಬರು ತಮ್ಮ ಲ್ಯಾಪ್‌ಟಾಪಿನ ಚಿಪ್ಪಿಗೆ ನಾನು ಬಿಸಿಗಾಳಿ ಬಿಡುವುದನ್ನು ಪಕ್ಕದಲ್ಲೇ ಕೂತು ನೋಡಿದ್ದರು. ಕೆಲವು ವಾರದ ಮೇಲೆ ಅದು ಮತ್ತೆ ಮಲಗಿತು. ಪುನಃ ಶಿರಸಿಗೆ ಯಾಕೆ ಹೋಗುವುದು, ಬಿಸಿ ತಾನೇ ಎಂದುಕೊಂಡು, ಮನೆಯ ಅಡಿಕೆ ಡ್ರೈಯರಿನಲ್ಲಿ ಅಡಿಕೆಯ ಜೊತೆಗೇ ಲ್ಯಾಪ್‌ಟಾಪನ್ನೂ ಇಟ್ಟರು. ಸಂಜೆ ಹೊರತೆಗೆದಾಗ ಕೀಬೋರ್ಡು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಡೊಂಕಾಗಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು ಅವರು ಸಿಟ್ಟಿನಿಂದ ಹೇಳಿದ್ದು: "ಆನು ನೀ ಮಾಡ್ದಾಂಗೇ ಮಾಡಿದ್ದಿ. ನಿಂಗೆ ಸರಿ ಆಗ್ತು, ಯಂಗೆ ಎಂತಕ್ಕೆ ಆಗ್ತಿಲ್ಲೆ?"

ಈ ಸುದ್ದಿ ಕನ್ನಪ್ಪನಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಮುಟ್ಟಿದ ಮೇಲೆ ನಿಲ್ಲಲಿಲ್ಲ. ಸಿದ್ದಾಪುರದ ಬಸ್ಸಿನಲ್ಲಿ ಹೇಳಿದ, ಗಿರಣಿಗೆ ಅಕ್ಕಿ ತಂದವರಿಗೆ ಹೇಳಿದ, ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತು ಹೇಳಿದ. "ಶಿರಸಿ ಹೆಗಡೇರ ಗಿರಾಕಿ ಲ್ಯಾಪ್‌ಟಾಪನ್ನ ಅಡಿಕೆ ಜೊತಿಗೆ ಒಣಗ್ಸಿ ಸೊಸೈಟಿಗೆ ಮಾರೂಕೆ ಹೊಂಟಿದ್ರು!" ಕೆಲಸದ ಮೇಲೆ ಯಲ್ಲಾಪುರದ ಒಂದು ಕಾಲೇಜಿಗೆ ಹೋದಾಗ ಅಲ್ಲಿಯ ಜವಾನ ನನಗೇ ಆ ಕಥೆ ಹೇಳಿದ, ಆ ಹೆಗಡೆ ನಾನೇ ಎಂದು ತಿಳಿಯದೆ. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಕನ್ನಪ್ಪನಿಗೆ ಒಂದು ಸುದ್ದಿ ಗೊತ್ತಾದರೆ ಮೂರು ತಾಲೂಕಿಗೆ ಗೊತ್ತಾದ ಹಾಗೆ ಎಂದು ಅವತ್ತು ತಿಳಿದುಕೊಂಡೆ.

ಇದರ ನಡುವೆ ನನ್ನ ಮನೆಯಲ್ಲೇ ಒಂದು ಲ್ಯಾಪ್‌ಟಾಪ್ ಕೆಟ್ಟಿತು. ನಾವು ಇರುವುದು ಇಸಳೂರಿನಲ್ಲಿ. ನನ್ನ ಹೆಂಡತಿ ಭಾರತಿ ಮನೆಗಳ ಪ್ಲಾನ್ ಬರೆಯುತ್ತಾಳೆ. ಇಸಳೂರಿನಲ್ಲಿ ಹೊಸದಾಗಿ ಎದ್ದ ಮನೆಗಳಲ್ಲಿ ಹಲವು ಮೊದಲು ಅವಳ ಪರದೆಯ ಮೇಲೆ ಎದ್ದವು. ಗೋಡೆ, ಮಹಡಿ, ಮೆಟ್ಟಿಲು ಎಲ್ಲ ತಿರುಗಿಸಿ ನೋಡಲಿಕ್ಕೆ ಬೇಕೆಂದು ನಾನೇ ಅವಳಿಗೆ ಬೇರೆ ಗ್ರಾಫಿಕ್ಸ್ ಚಿಪ್ಪಿರುವ ಲ್ಯಾಪ್‌ಟಾಪ್ ಆರಿಸಿ ತಂದುಕೊಟ್ಟಿದ್ದೆ. ಅದರ ದೊಡ್ಡ ಚಿಪ್ಪು ಕೈಕೊಟ್ಟಿತು. ಬಿಸಿ ಮಾಡಿದೆ, ಬಂತು, ಹೋಯಿತು. ಮತ್ತೆ ಮಾಡಿದೆ. ಭಾರತಿ ಹೊಗಳುವ ಪೈಕಿಯಲ್ಲ. ಮದುವೆಯಾದಾಗಿನಿಂದ ನನ್ನ ಕೆಲಸದ ಬಗ್ಗೆ ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಎಂದು ಕಾದವನು ನಾನು. ಅವಳು ಹೇಳಿದ್ದು, "ನಿಂಗ ಇದನ್ನ ರಿಪೇರಿ ಮಾಡ್ತಾ ಇದ್ರೋ, ಬೆಚ್ಚಗೆ ಮಾಡ್ತಾ ಇದ್ರೋ?"

ಕೊನೆಗೊಂದು ಸಲ ಎಷ್ಟು ಬಿಸಿ ಮಾಡಿದರೂ ಅದು ಏಳಲೇ ಇಲ್ಲ. ಬಂದ ಮೇಲೆ ನೋಡುವಾ ಎಂದು ಮೇಜಿನ ಮೇಲಿಟ್ಟು ಕಾಲೇಜಿನ ಕೆಲಸಕ್ಕೆ ಯಲ್ಲಾಪುರಕ್ಕೆ ಹೋದೆ. ತಿರುಗಿ ಬಂದರೆ ಭಾರತಿ ಅದರಲ್ಲೇ ಕೂತು ಒಂದು ಮನೆಯ ಅಡುಗೆಕೋಣೆಗೆ ಕಿಟಕಿ ಇಡುತ್ತಿದ್ದಾಳೆ. ಪರದೆ ಸ್ವಚ್ಛ, ಒಂದು ಗೆರೆಯಿಲ್ಲ. "ನಿಂಗ ಬಿಸಿ ಮಾಡಿಟ್ಟಿದ್ದು ತಣಿದ ಮೇಲೆ ತಾನೇ ಎದ್ಕಂಡು ಬಂತು" ಎಂದಳು. ಆಮೇಲೆ, ನನ್ನ ಮುಖ ನೋಡದೆ, "ನಿಂಗ್ಳ ಕೈಗುಣವೇ ಬೇರೆ" ಎಂದಳು.

ಆ ಮಾತನ್ನು ನಾನು ಎಷ್ಟು ದಿನ ಮೆಲುಕು ಹಾಕಿದೆನೋ! ಅಂಗಡಿಗೆ ಬಂದವರಿಗೆಲ್ಲ, ನಮ್ಮ ಮನೆಯದು ಬಿಸಿಯಲ್ಲೇ ಗಟ್ಟಿಯಾಯಿತು ಎಂದು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕನ್ನಪ್ಪ ಸಾಮಾನು ಒಯ್ಯಲು ಶಿರಸಿಗೆ ಬಂದಿದ್ದಾಗ ಬೇಕೆಂದೇ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ ಹೇಳಿದೆ. "ನಮ್ಮನೆ ದೊಡ್ಡಪ್ಪ ಎದ್ದು ಓಡಾಡ್ತಾ ಇದ್ದಾನೆ ಕನ್ನಪ್ಪ. ನಾನು ಮಲಗ್ಸೂಕೆ ಹೋಗ್ಲಿಲ್ಲ." ಅವನ ಮುಖದಲ್ಲಿ ಚೂರು ಹೊಟ್ಟೆಕಿಚ್ಚು ಕಾಣಲಿ ಎಂಬುದಷ್ಟೇ ನನ್ನ ಆಸೆ. ಇಷ್ಟು ವರ್ಷ ನಾನು ಉರಿದಿದ್ದಕ್ಕೆ ಅವನು ಒಂದು ಗಳಿಗೆ ಉರಿದರೆ ಸಾಕಿತ್ತು. ಅವನು ಮೀಸೆ ಒರೆಸಿಕೊಂಡ. "ಹೌದಾ ಹೆಗಡೇರೆ? ಕೈಗುಣ ಅಂದ್ರೆ ನಿಮ್ದು ಬಿಡಿ!" ಎಂದು ಹೊಟ್ಟೆ ಕುಣಿಸಿ ನಕ್ಕು ಬಸ್ಸು ಹತ್ತಿದ. ಅವನು ಉರಿಯಲಿಲ್ಲವಲ್ಲ ಎಂದು ನಾನೇ ಮತ್ತಷ್ಟು ಉರಿದೆ.

ಅಂದಿನಿಂದ ಭಾರತಿ ಮೇಜಿನ ಮೇಲಿದ್ದ ದೊಡ್ಡ ಮಾನಿಟರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸುವುದನ್ನು ಬಿಟ್ಟಳು. "ಕಣ್ಣು ಉರಿತು, ಇದ್ರಲ್ಲೇ ಸಾಕು" ಎನ್ನುತ್ತಿದ್ದಳು. ಇಂಥ ಲ್ಯಾಪ್‌ಟಾಪುಗಳಲ್ಲಿ ಹೊರಗಿನ ಪರದೆಗೆ ಹೋಗುವ ದಾರಿ ದೊಡ್ಡ ಚಿಪ್ಪಿನ ಮೂಲಕವೇ ಇರುತ್ತದೆ. ಆ ಚಿಪ್ಪನ್ನು ನಿಲ್ಲಿಸಿದರೆ ಹೊರಗಿನ ಪರದೆಯೂ ನಿಂತಿತು. ಇದು ನನಗೆ ಬಾಯಿಪಾಠ. ಆದರೆ ಹೊಗಳಿಕೆ ತಲೆಗೇರಿದವನಿಗೆ ಪಾಠ ಎಲ್ಲಿ ನೆನಪಾಗುತ್ತದೆ?

ಗೊತ್ತಾದದ್ದು ಇಸಳೂರಿನದೇ ಒಂದು ಮನೆಯಲ್ಲಿ. ಮನೆ ಕಟ್ಟಿಸುವವರು ತಮ್ಮ ಟೀವಿಯಲ್ಲಿ ಪ್ಲಾನ್ ತೋರಿಸಿ ಎಂದರು. ಭಾರತಿ ಬೇಡ ಬೇಡ ಎನ್ನುತ್ತಿದ್ದಂತೆಯೇ ನಾನು ಜಂಬದಿಂದ ವೈರು ಸಿಕ್ಕಿಸಿದೆ. ಟೀವಿಯಲ್ಲಿ ಏನೂ ಬರಲಿಲ್ಲ. ವೈರು ಬದಲಿಸಿದೆ, ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾವ ಯಾವ ಚಿಪ್ಪು ನಡೆಯುತ್ತಿದೆ ಎಂಬ ಪಟ್ಟಿಯನ್ನು ಪರದೆಯ ಮೇಲೆ ತೆರೆದು ನೋಡಿದರೆ ಸಣ್ಣದೊಂದೇ ಇತ್ತು. ಮನೆಗೆ ಬಂದವನೇ ಅದರ ಅಡಿ ತಿರುಗಿಸಿದೆ. ಮೂಲೆಯ ಒಂದು ಸ್ಕ್ರೂ ಇರಲಿಲ್ಲ. ಮುಚ್ಚಳ ಬಿಚ್ಚಿದೆ. ಫ್ಯಾನಿನ ಸುತ್ತ ಸಣ್ಣಗೆ ಬಿಳಿ ಹಿಟ್ಟು. ಯಾರ ಕೈ ಎಂದು ಇನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಹೌದು, ಆನೇ ತಗಂಡು ಹೋಗಿದ್ದಿ" ಎಂದಳು ಭಾರತಿ, ಅಡಗಿಸಲು ನೋಡಲಿಲ್ಲ. "ಪ್ಲಾನ್ ಕೊಡ್ಲೇಬೇಕಾಗಿತ್ತು, ಅವ್ಕೆ ಪಾಯ ತೆಗಿಯ ಮುಹೂರ್ತ ಹತ್ರ ಬಂದಿತ್ತು. ನಿಂಗ ಮತ್ತೂ ಬಿಸಿ ಮಾಡ್ತಿ ಹೇಳಿ ಕೂತಿದ್ರಿ. ಆನು ಎಂತ ಮಾಡ್ಲಿ?"

"ಹೇಳ್ಲಾಗಿತ್ತಲೆ?"

"ಹೇಳಿದ್ರೆ ನಿಂಗ ಊಟ ಬಿಡ್ತಿದ್ರಿ."

ಆವತ್ತು ರಾತ್ರಿ ನಾನು ಊಟ ಬಿಟ್ಟೆ. ಲ್ಯಾಪ್‌ಟಾಪ್ ಅವನ ಹತ್ತಿರ ಹೋದದ್ದು ಒಂದು ತೂಕ. ಆ ಒಂದು ಹೊಗಳಿಕೆ, ನಾನು ಇಷ್ಟು ದಿನ ಎದೆಗವಚಿಕೊಂಡು ತಿರುಗಿದ್ದು, ಅದೂ ಅವನದೇ ಆಗಿತ್ತಲ್ಲ. ಅದು ಒಂಬತ್ತು ತೂಕ.

ಮರುದಿನ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಗಿರಣಿ ಗರಗರ ಎನ್ನುತ್ತಿತ್ತು. ಕನ್ನಪ್ಪ ನನ್ನನ್ನು ಕಂಡವನೇ "ಓಹೋಹೋ! ಹೆಗಡೇರೂ ಬ್ಯಾಗ್ ಹಾಕ್ಕಂಡು ಬಂದ್ರಾ! ಇದು ಎಲ್ಲಿ ಮಲಗ್ತದೆ?" ಎಂದ. ನಾನು ನಗಲಿಲ್ಲ. ಬ್ಯಾಗು ಮೇಜಿನ ಮೇಲಿಟ್ಟೆ. ಅವನಿಗೆ ಅರ್ಥವಾಯಿತು.

"ಎಂತಕ್ಕೆ ಹೇಳ್ಲಿಲ್ಲ ನೀನು?" ಎಂದು ಕೇಳಿದೆ.

"ಯಾರಿಗೆ?"

"ಊರಿಗೆ. ಡ್ರೈಯರಿನ ಕಥೆ ಯಲ್ಲಾಪುರದ ತನಕ ಹೇಳ್ದವನು ಇದನ್ನ ಎಂತಕ್ಕೆ ನುಂಗ್ಕಂಡೆ? ಶಿರಸಿ ಹೆಗಡೆ ಹೆಂಡ್ತೀನೇ ನನ್ನ ಗಿರಾಕಿ ಅಂತ ಹೇಳಿದ್ರೆ ನಿನ್ನ ಅಂಗ್ಡಿ ಎದ್ರಿಗೆ ಬಸ್ಸೇ ನಿಲ್ಲಿಸ್ತಿದ್ರು."

ಅವನು ನಗುವುದನ್ನು ನಿಲ್ಲಿಸಿದ್ದು ನಾನು ನೋಡಿದ್ದು ಅವತ್ತೊಂದೇ ದಿನ. "ಅದು ಅಂಗ್ಡಿ ಮಾತು ಹೆಗಡೇರೆ. ಇದು ಮನೆ ಮಾತು" ಎಂದ. "ಅಕ್ಕ ಇಲ್ಲೇ ಈ ಸ್ಟೂಲ್ ಮೇಲೆ ಕೂತ್ಕಂಡು, ನಮ್ಮನೆಯವ್ರಿಗೆ ಗೊತ್ತಾಗೂದು ಬ್ಯಾಡ, ಬೇಜಾರು ಮಾಡ್ಕಂತಾರೆ ಅಂದ್ರು. ಹೆಣ್ಮಗಳು ಹಂಗೆ ಹೇಳಿದ್ ಮೇಲೆ ನಾನು ಬಸ್ಸಲ್ಲಿ ಹೇಳೂಕೆ ಬರ್ತದಾ? ಕಷ್ಟ ಆಯ್ತು ಬಿಡಿ. ನೀವು ಬಸ್‌ಸ್ಟ್ಯಾಂಡಲ್ಲಿ ದೊಡ್ಡಪ್ಪ ಓಡಾಡ್ತಾನೆ ಅಂದ್ರಲ್ಲ, ಅವತ್ತು ಸಿದ್ದಾಪುರದ್ದು ಬಿಟ್ಟು ಕುಮಟಾ ಬಸ್ಸು ಹತ್ತಿಬಿಟ್ಟಿದ್ದೆ, ನಗು ತಡೆಯೂಕೆ ಆಗ್ದೆ. ಆಮೇಲೆ ಇಳ್ದು ಬಂದೆ."

ನಾನು ಜಗಳವಾಡಲು ಹೋದವನು. ಅವನು ಜಗಳಕ್ಕೂ ಜಾಗ ಕೊಡಲಿಲ್ಲ. ನಗುವಿನಲ್ಲಿ ನನಗಿಂತ ಮುಂದೆ, ಗಿರಾಕಿಯಲ್ಲಿ ಮುಂದೆ, ಈಗ ದೊಡ್ಡತನದಲ್ಲೂ ಮುಂದೆ. ಕಡೆಗೆ ಒಂದು ಗುಣವಾದರೂ ನನಗೆ ಬಿಡಬಾರದಿತ್ತೇ ಎಂದು ಅನಿಸಿತು. ಹೊರಡುವಾಗ ಉಪ್ಪಿನಕಾಯಿ ಬಾಟಲಿಗೆ ಕೈಹಾಕಿ ಒಂದು ಸ್ಕ್ರೂ ತೆಗೆದುಕೊಟ್ಟ. "ನಿಮ್ಮನೇದು ಇದೇ ಇರ್ಬೇಕು. ಅಲ್ದಿದ್ರೂ ಕೂರ್ತದೆ." ಮನೆಗೆ ಬಂದು ನೋಡಿದರೆ ಅದು ಕೂರಲಿಲ್ಲ, ಒಂದು ಸುತ್ತು ಉದ್ದವಾಗಿತ್ತು. ಆ ಒಂದು ತಪ್ಪಿನಿಂದ ನನಗೆ ಎಷ್ಟು ಸಮಾಧಾನವಾಯಿತು ಎಂದು ಹೇಳಲಾರೆ. ಸ್ಕ್ರೂವನ್ನು ಅಂಗಡಿಯ ಡ್ರಾವರಿನಲ್ಲಿ ಹಾಕಿಟ್ಟೆ.

ಅದೇ ನಮ್ಮ ಕೊನೆಯ ಭೇಟಿ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕನ್ನಪ್ಪ ಹೋಗಿಬಿಟ್ಟ. ಎದೆನೋವು ಎಂದು ಕೂತವನು ಏಳಲಿಲ್ಲವಂತೆ. ಕಾರ್ಯದ ದಿನ ಮನ್ಮನೆಗೆ ಹೋದೆ. ಅಂಗಳದ ಚಪ್ಪರದಲ್ಲಿ ಕೂರಲು ಜಾಗವಿರಲಿಲ್ಲ. ಯಲ್ಲಾಪುರದವರು, ಸಿದ್ದಾಪುರದವರು, ನನ್ನ ಹಳೆಯ ಗಿರಾಕಿಗಳು. "ನಮ್ಮನೆ ದೊಡ್ಡಪ್ಪನ್ನೂ ಅವನೇ ಮಲಗ್ಸಿದ್ದು" ಎಂದು ಒಬ್ಬರು ಶುರುಮಾಡಿದರೆ ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ಒಬ್ಬರು ಅವನ ದನಿಯಲ್ಲೇ "ಇದು ಎಲ್ಲಿ ಮಲಗ್ತದೆ" ಎಂದು ತೋರಿಸಿದಾಗ ಸೂತಕದ ಮನೆಯಲ್ಲೂ ಜನ ನಕ್ಕುಬಿಟ್ಟರು. ನನ್ನ ಕಾರ್ಯಕ್ಕೆ ಇದರಲ್ಲಿ ಅರ್ಧದಷ್ಟು ಜನ ಬಂದಾರೇ ಎಂದು ಊಟದ ಎಲೆಯ ಮುಂದೆ ಕೂತು ಲೆಕ್ಕಹಾಕಿದೆ.

ಈಗ ಸಿದ್ದಾಪುರದ ಬಸ್ಸಿಗೆ ಬ್ಯಾಗುಗಳು ಹತ್ತುವುದಿಲ್ಲ. ನನ್ನ ಅಂಗಡಿಯ ಮೆಟ್ಟಿಲು ಹತ್ತುತ್ತವೆ. ಅವನ ಮದ್ದಿಗೆ ಒಂದು ಕೊರತೆ ಇತ್ತು. ಬ್ಯಾಟರಿ ಪೂರ್ತಿ ಬರಿದಾಗಿ ಬಹಳ ದಿನ ಬಿದ್ದಿದ್ದರೆ ಯಂತ್ರ ಆ ಒಂದು ಸಾಲನ್ನು ಮರೆತು ಮತ್ತೆ ದೊಡ್ಡಪ್ಪನನ್ನು ಎಬ್ಬಿಸಲು ಹೋಗುತ್ತದೆ. "ಕನ್ನಪ್ಪಣ್ಣ ಮಲಗ್ಸಿದ್ರು, ಮತ್ತೆ ಎದ್ದು ಕೂತದೆ" ಎಂದು ತರುತ್ತಾರೆ. ನಾನು ಈಗ ಬಿಸಿಗಾಳಿ ತೆಗೆಯುವುದಿಲ್ಲ, ಸಾಲು ಬರೆದು ಮಲಗಿಸುತ್ತೇನೆ. ಅವರು ಪರದೆ ನೋಡಿ, "ಅವ್ರಾಗಿದ್ರೆ ನಗಾಡ್ತಾ ಮಾಡ್ತಿದ್ರು" ಎನ್ನುತ್ತಾರೆ. ಸತ್ತ ಮೇಲೂ ಗಿರಾಕಿ ಅವನದೇ.

ಮೊನ್ನೆ ಭಾರತಿ ಅಂಗಡಿಗೇ ಬಂದಳು, ಬ್ಯಾಗು ಹಾಕಿಕೊಂಡು. ತವರಿಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿಟ್ಟಿದ್ದ ಲ್ಯಾಪ್‌ಟಾಪಿನ ಬ್ಯಾಟರಿ ಬರಿದಾಗಿ ಮತ್ತೆ ಗೆರೆಗಳು ಎದ್ದಿದ್ದವು. ಅದನ್ನು ನನ್ನ ಎದುರಿಗಿಟ್ಟು ಸ್ಟೂಲಿನ ಮೇಲೆ ಕೂತಳು. ಕೀಲಿ ಒತ್ತಿ ಹಿಡಿದೆ. ಕಪ್ಪು ಪರದೆ ಬಂತು. ಸಾಲು ಬರೆದೆ. ಒಂದು ಅಕ್ಷರ ತಪ್ಪಾಯಿತು, ಅಳಿಸಿ ಮತ್ತೆ ಬರೆದೆ. ಯಂತ್ರ ಕುಂಯ್ ಎಂದು ಎದ್ದಿತು, ಅವಳು ಅರ್ಧಕ್ಕೆ ಬಿಟ್ಟಿದ್ದ ಒಂದು ಮನೆ ಗೋಡೆ ಸಮೇತ ಬಂದು ನಿಂತಿತು. ಅಡಿ ತಿರುಗಿಸಿ ಸ್ಕ್ರೂಗಳನ್ನೊಮ್ಮೆ ಬಿಗಿ ಮಾಡಿದೆ. ಮೂಲೆಯ ತೂತು ಹಾಗೇ ಖಾಲಿ ಇತ್ತು.

ಭಾರತಿ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಈ ಸಲ ನಿಂಗ್ಳ ಕೈಗುಣವೇ" ಎಂದಳು. "ಆನು ಎಲ್ಲಿಗೂ ತಗಂಡು ಹೋಜ್ನಿಲ್ಲೆ."

ಅವಳು ಹೋದ ಮೇಲೆ ಬಾಗಿಲಿಗೆ ಬಂದು ನಿಂತೆ. ಎದುರಿಗೆ ಸಿದ್ದಾಪುರದ ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು. ಈ ಮಾತನ್ನು ಅವನಿಗೆ ಹೇಳಬೇಕಿತ್ತು. ಇವತ್ತು ಹೇಳಿದ್ದರೆ ಅವನಿಗೆ ಖಂಡಿತ ಹೊಟ್ಟೆ ಉರಿಯುತ್ತಿತ್ತು. ಬಸ್ಸು ಹೊರಟಿತು. ನಾನು ಒಳಗೆ ಬಂದು ಡ್ರಾವರ್ ಎಳೆದು, ಆ ಉದ್ದದ ಸ್ಕ್ರೂ ಇದೆಯೋ ಇಲ್ಲವೋ ನೋಡಿದೆ. ಇತ್ತು.